ಒಲೆಯ ಕೆಂಡ ಕಾಯ್ದ ನಮ್ಮ ಮುತ್ತಜ್ಜಿಯರು



ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವವನ್ನು ನಾವು ತೆನೆಹಬ್ಬವಾಗಿ ಆಚರಿಸುತ್ತೇವೆ. ಮಕ್ಕಳು ಒಂಬತ್ತು ದಿನ ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ನಾಲ್ಕು ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಸವಿಯುತ್ತೇವೆ. ಬೆಳೆ ಕೊಟ್ಟ ದೇವರಿಗೆ ಅಂದು ವಂದನೆ ಸಲ್ಲುತ್ತದೆ, ಬೆಳೆದ ರೈತನ ಬೆವರನ್ನೂ ನೆನೆಯುತ್ತೇವೆ. ಆದರೆ ಗದ್ದೆಯ ತೆನೆಗೂ ತಟ್ಟೆಯ ಅನ್ನಕ್ಕೂ ನಡುವೆ ಒಂದು ದೂರದ ದಾರಿಯಿದೆ. ಆ ದಾರಿಯನ್ನು ದಿನವೂ ನಡೆದವರು ಯಾರು? ಆ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ.

ಈ ಬರಹದಲ್ಲಿ ಅದನ್ನು ಕೇಳಿಕೊಳ್ಳೋಣ. ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳ ನಡುವೆ, 1870ರಿಂದ 1900ರವರೆಗಿನ ಮೂವತ್ತು ವರ್ಷಗಳಲ್ಲಿ, ಒಬ್ಬ ಹಳ್ಳಿಯ ಹೆಣ್ಣುಮಗಳು ತನ್ನ ದಿನವನ್ನು ಹೇಗೆ ಕಳೆಯುತ್ತಿದ್ದಳು ಎಂದು ನೋಡೋಣ. ಅವಳು ರಾಣಿಯಲ್ಲ, ಸಂತಳಲ್ಲ, ಹೆಸರು ಉಳಿದವಳೂ ಅಲ್ಲ. ನಮ್ಮ ಅಜ್ಜಿಯ ಅಜ್ಜಿ, ಅಷ್ಟೆ.

ಪುಸ್ತಕದಲ್ಲಿ ಇಲ್ಲದವಳು

ಆ ಕಾಲದಲ್ಲಿ ಸಕಲೇಶಪುರದ ಸೀಮೆಗೆ ಮಂಜರಾಬಾದ್ ಎಂದು ಹೆಸರು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದ ಬಂದ ಹೆಸರದು. ಅದಕ್ಕೂ ಮೊದಲು ಇದು ಪಾಳೆಯಗಾರರ ಬಲಂ ಸೀಮೆ. ಹಾನುಬಾಳು, ಹೆತ್ತೂರು, ಯಸಳೂರು ಕಡೆ ಹೋದಂತೆಲ್ಲ ಕಾಡು ದಟ್ಟ, ಮಳೆ ಜೋರು, ಕಣಿವೆಗಳಲ್ಲಿ ಭತ್ತದ ಗದ್ದೆ. ಪೂರ್ವಕ್ಕೆ ಆಲೂರಿನ ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಗೆ ಇಳಿದರೆ ಮಳೆ ಕಡಿಮೆಯಾಗಿ ರಾಗಿಯ ಹೊಲಗಳು ಕಾಣುತ್ತಿದ್ದವು. ನಡುವೆ ಹೇಮಾವತಿ.

ಈ ಸೀಮೆಯ ಬಗ್ಗೆ ಆಗ ಬರೆದವರು ಕಡಿಮೆಯೇನಲ್ಲ. 1843ರಲ್ಲಿ ಇಲ್ಲಿ ಯುರೋಪಿಯನ್ನರ ಕಾಫಿ ತೋಟ ಆರಂಭವಾಯಿತು. 1856ರಲ್ಲಿ ಬಂದು ನೆಲೆಸಿದ ರಾಬರ್ಟ್ ಎಲಿಯಟ್ ಎಂಬ ತೋಟಗಾರ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಪ್ರಕಟಿಸಿದರು. ಕಾಫಿ, ಬೇಟೆ, ಚಿನ್ನದ ಗಣಿ, ಆಳುಕಾಳು ಎಲ್ಲದರ ಮಾತು ಅವರಲ್ಲಿದೆ. ಲೂಯಿಸ್ ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಕೋಟೆ, ಕಣಿವೆ, ಶಾಸನ, ಕಂದಾಯದ ವಿವರಗಳಿವೆ. ಆದರೆ ಈ ಬರವಣಿಗೆ ಜಗಲಿಯವರೆಗೆ ಬಂದು ನಿಲ್ಲುತ್ತದೆ. ಅಡುಗೆಮನೆಯ ಹೊಸ್ತಿಲು ದಾಟುವುದು ಅಪರೂಪ.

1901ರ ಜನಗಣತಿ ಒಂದು ಹೆಜ್ಜೆ ಮುಂದೆ ಹೋಗಿ ಜನರನ್ನು ಎರಡು ಪಾಲು ಮಾಡಿತು. ದುಡಿಯುವವರು ಒಂದು ಕಡೆ, ಅವರನ್ನು ನಂಬಿಕೊಂಡ ಅವಲಂಬಿತರು ಇನ್ನೊಂದು ಕಡೆ. ಮನೆಗೆಲಸ ಮಾತ್ರ ಮಾಡುವ ಹೆಂಗಸನ್ನು ಅವಲಂಬಿತರ ಪಾಲಿಗೆ ಸೇರಿಸಲಾಯಿತು. ಅಂದರೆ ಸರ್ಕಾರದ ಲೆಕ್ಕದಲ್ಲಿ ಅವಳು ದುಡಿಯುವವಳಲ್ಲ, ದುಡಿದವರ ಅನ್ನ ತಿನ್ನುವವಳು. ಈ 'ಅವಲಂಬಿತೆ' ಎಂಬ ಒಂದು ಪದವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅವಳ ದಿನವನ್ನು ನೋಡೋಣ. ಅವಳು ಬರೆದಿಟ್ಟ ದಿನಚರಿ ಇಲ್ಲ. ಆದರೆ ಅವಳು ಹಿಡಿದ ಒನಕೆ, ತಿರುಗಿಸಿದ ಬೀಸುವ ಕಲ್ಲು, ಆಡಿದ ಮಾತು ಇನ್ನೂ ನಮ್ಮ ಊರುಗಳಲ್ಲಿ ಇವೆ. ಅವುಗಳನ್ನು ಕೇಳಿದರೆ ಬೇಕಾದಷ್ಟು ಹೇಳುತ್ತವೆ.

ಕೆಂಡ, ಕೊಡ, ಒನಕೆ

ಕೋಳಿ ಕೂಗುವ ಮೊದಲೇ ಎದ್ದವಳ ಮೊದಲ ಕೆಲಸ ಬೆಂಕಿ. ಇಂದು ಲೈಟರ್ ಒತ್ತಿದರೆ ಸಾಕು. ಅಂದು ಬೆಂಕಿಪೊಟ್ಟಣ ಹಳ್ಳಿಯ ಮನೆಗಳಿಗೆ ಸುಲಭವಾಗಿ ಸಿಗುವ ವಸ್ತುವಾಗಿರಲಿಲ್ಲ. ರಾತ್ರಿ ಮಲಗುವ ಮುನ್ನ ಒಲೆಯ ಗಟ್ಟಿ ಕೊರಡಿನ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವುದು, ಬೆಳಗ್ಗೆ ಬೂದಿ ಸರಿಸಿ ಊದುಗೊಳವೆಯಿಂದ ಊದಿ ಜೀವ ತರಿಸುವುದು ಅವಳ ಹೊಣೆ. ಕೆಂಡ ಆರಿಹೋದರೆ ಮಕ್ಕಳನ್ನು ಪಕ್ಕದ ಮನೆಗೆ ಬೆಂಕಿ ಕೇಳಲು ಕಳಿಸಬೇಕು. ಒಂದು ಮನೆ ಇಲ್ಲಿ, ಇನ್ನೊಂದು ಮನೆ ಗುಡ್ಡದಾಚೆ ಇರುವ ಮಲೆನಾಡಿನಲ್ಲಿ, ಸುರಿಯುವ ಮಳೆಯಲ್ಲಿ, ಬೆಂಕಿ ತರುವುದೆಂದರೆ ಆಟವಲ್ಲ. ಹಾಗಾಗಿ ಕೆಂಡ ಕಾಯುವುದು ಮನೆಯನ್ನೇ ಕಾಯುವಂಥ ಕೆಲಸವಾಗಿತ್ತು.

ಎರಡನೆಯದು ನೀರು. ಹಳ್ಳ, ತೊರೆ, ಬಾವಿ ಯಾವುದಿದ್ದರೂ ಅದು ಮನೆಗಿಂತ ತಗ್ಗಿನಲ್ಲೇ ಇರುತ್ತದೆ. ಬರಿಗೊಡ ಹಿಡಿದು ಇಳಿಯಬೇಕು, ತುಂಬಿದ ಕೊಡ ಹೊತ್ತು ಹತ್ತಬೇಕು. ಹತ್ತು ಜನರ ಮನೆ ಎಂದುಕೊಳ್ಳೋಣ. ಅಡುಗೆಗೂ ಕುಡಿಯಲೂ ಬಚ್ಚಲ ಹಂಡೆಗೂ ಸೇರಿ ದಿನಕ್ಕೆ ಹತ್ತು ಕೊಡ ಎಂದರೂ, ಕೊಡಕ್ಕೆ 15 ಲೀಟರಿನಂತೆ 150 ಕಿಲೋ ಭಾರವನ್ನು ಮನೆಯ ಹೆಂಗಸರು ದಿಬ್ಬ ಹತ್ತಿಸಿದ ಹಾಗಾಯಿತು.

ಮೂರನೆಯದು ಕಾಳು. ಕಣಜದ ಭತ್ತ ಅಕ್ಕಿಯಾಗಬೇಕು. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಎಂದರೆ ಆ ಮನೆಗೆ 5 ಕಿಲೋ ಅಕ್ಕಿ ಬೇಕು. ಅದಕ್ಕೆ ಸುಮಾರು ಏಳೂವರೆ ಕಿಲೋ ಭತ್ತ ಕುಟ್ಟಬೇಕು. ವರ್ಷದ ಲೆಕ್ಕ ಹಾಕಿದರೆ 27 ಕ್ವಿಂಟಾಲ್ ಭತ್ತ ಅವರ ಒನಕೆಯ ಕೆಳಗೆ ಹಾದುಹೋಗುತ್ತದೆ! ಇಬ್ಬರು ಎದುರುಬದುರು ನಿಂತು, ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಬೀಳುವಂತೆ, ತಾಳ ತಪ್ಪದೆ ಕುಟ್ಟಬೇಕು. ತಾಳ ತಪ್ಪಿದರೆ ಅಕ್ಕಿ ನುಚ್ಚಾಗುತ್ತದೆ. ಕುಟ್ಟಿದ್ದನ್ನು ಮೊರದಲ್ಲಿ ಕೇರಿ, ಜರಡಿ ಹಿಡಿದು, ಮತ್ತೆ ಕುಟ್ಟಬೇಕು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಅವಳ ಕೈಯಲ್ಲಿ ಯಾವುದೂ ಪೋಲಾಗುತ್ತಿರಲಿಲ್ಲ. ಗಟ್ಟಿ ಅಕ್ಕಿ ಅನ್ನಕ್ಕೆ, ನುಚ್ಚು ಗಂಜಿಗೆ, ತರಿ ಕಡುಬಿಗೆ, ಹಿಟ್ಟು ರೊಟ್ಟಿಗೆ, ತೌಡು ದನಕ್ಕೆ, ಉಮಿ ಒಲೆಗೆ, ಸುಟ್ಟ ಉಮಿ ಹಲ್ಲುಜ್ಜಲು. ಅಕ್ಕಿ ತೊಳೆದ ನೀರು ಕಲಗಚ್ಚಿನ ಪಾತ್ರೆಗೆ ಬಿದ್ದು ಕರೆಯುವ ಹಸುವಿಗೆ ಹೋಗುತ್ತಿತ್ತು. ಒಲೆಯ ಬೂದಿ ಪಾತ್ರೆ ಬೆಳಗಿ, ಉಳಿದದ್ದು ತರಕಾರಿ ಪಾತಿಗೆ ಬೀಳುತ್ತಿತ್ತು. ಇಂದು ನಾವು ವಿಚಾರಗೋಷ್ಠಿಗಳಲ್ಲಿ ಮಾತಾಡುವ ತ್ಯಾಜ್ಯ ನಿರ್ವಹಣೆಯನ್ನು ಅವಳು ಹೆಸರಿಡದೆ ಮಾಡಿದಳು.

ರಾಗಿ ತಿನ್ನುವ ಮನೆಗಳಲ್ಲಿ ಬೀಸುವ ಕಲ್ಲಿನ ಕೆಲಸ. ಇನ್ನೂ ಕತ್ತಲಿರುವಾಗಲೇ ಕಲ್ಲಿನ ಸದ್ದು ಶುರುವಾಗುತ್ತಿತ್ತು. ಈ ಕಲ್ಲು ನಜರೇತಿಗೂ ಹೊಸದಲ್ಲ. ಜೊತೆಯಾಗಿ ಕಾಳು ಬೀಸುವ ಇಬ್ಬರು ಹೆಂಗಸರು, ಹಿಟ್ಟಿಗೆ ಹುಳಿ ಬೆರೆಸುವವಳು, ದೀಪ ಹಚ್ಚಿ ಕಸ ಗುಡಿಸಿ ಕಳೆದ ನಾಣ್ಯ ಹುಡುಕುವವಳು, ಇವರೆಲ್ಲ ಯೇಸುಸ್ವಾಮಿಯ ಮಾತುಗಳಲ್ಲಿ ಬರುತ್ತಾರೆ. ಮನೆಯೊಳಗಿನ ದುಡಿಮೆಯನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ಇಂಥ ಹೋಲಿಕೆ ಹೊಳೆಯುತ್ತದೆ.

ಬೀಸಿ, ಕುಟ್ಟಿ, ಕರೆದು, ಕಡೆದು, ಕೊಟ್ಟಿಗೆ ಗುಡಿಸಿ, ನೆಲ ಸಾರಿಸಿ, ಒಲೆ ಹಚ್ಚಿದ ಮೇಲೆ ಊಟ. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಳುಗಳು, ಬಂದ ನೆಂಟರು. ಕೊನೆಯಲ್ಲಿ ಅವಳು. ಪಾತ್ರೆಯಲ್ಲಿ ಉಳಿದಿದ್ದರೆ ಉಂಡಳು, ಇಲ್ಲದಿದ್ದರೆ ಮಜ್ಜಿಗೆ ಕುಡಿದು ಎದ್ದಳು. 'ಅವಲಂಬಿತೆ' ಉಣ್ಣುತ್ತಿದ್ದುದು ಹೀಗೆ.

ಮಳೆಯೊಂದಿಗೆ ಬಾಳು

ಮಲೆನಾಡಿನಲ್ಲಿ ಮಳೆಗಾಲಕ್ಕೆ ಸಿದ್ಧವಾಗದ ಮನೆ ಉಳಿಯದು. ಬೇಸಿಗೆಯ ಎರಡು ಮೂರು ತಿಂಗಳು ಅವಳಿಗೆ ಒಂದು ಯುದ್ಧದ ತಯಾರಿ. ಸೌದೆ ಒಣಗಿಸಿ ಒಟ್ಟಬೇಕು. ಹಪ್ಪಳ, ಸಂಡಿಗೆ ಒಣಗಿಸಬೇಕು. ಮಾವಿನಮಿಡಿ ಉಪ್ಪಿಗೆ ಹಾಕಬೇಕು. ಹಲಸಿನ ಬೀಜ ಎತ್ತಿಡಬೇಕು. ಹುಲ್ಲು ಹೊದಿಸಿದ ಮನೆಯಾದರೆ ಮಳೆ ಹಿಡಿಯುವ ಮೊದಲು ಹೊಸ ಹುಲ್ಲು ಹೊದಿಸುವ ಗಂಡಸರಿಗೆ ಕೈನೆರವು ಬೇಕು. ಬಿತ್ತನೆ ಬೀಜ, ಮೆಣಸಿನಕಾಯಿ, ಉಪ್ಪಿನ ಗಡಿಗೆ, ಒಣಮೀನು ಎಲ್ಲವೂ ಒಲೆಯ ಮೇಲಿನ ಅಟ್ಟಕ್ಕೆ ಏರುತ್ತಿದ್ದವು. ಅಲ್ಲಿನ ಹೊಗೆ ಹುಳ ಹತ್ತದಂತೆ, ತೇವ ಹಿಡಿಯದಂತೆ ಕಾಯುತ್ತಿತ್ತು. ಅದೇ ಹೊಗೆ ಅವಳ ಕಣ್ಣನ್ನೂ ಎದೆಯನ್ನೂ ತಿನ್ನುತ್ತಿತ್ತು. ಒಲೆಯ ಹೊಗೆ ಶ್ವಾಸಕೋಶಕ್ಕೆ ಎಂಥ ಕೇಡು ಎಂದು ವೈದ್ಯರು ಇಂದು ಹೇಳುತ್ತಾರೆ. ಅಂದು ಅದು ಕೇವಲ 'ಮುದುಕಿಯ ಕೆಮ್ಮು'.

ಮೃಗಶಿರಾ, ಆರಿದ್ರಾ ಮಳೆ ಹಿಡಿದರೆ ಗದ್ದೆಗೆ ಇಳಿಯುವ ಕಾಲ. ಉಳುಮೆ ಗಂಡಸರದು. ಸಸಿ ಕೀಳುವುದು, ನಾಟಿ ಮಾಡುವುದು, ಕಳೆ ತೆಗೆಯುವುದು ಹೆಂಗಸರದು. ತಲೆಯ ಮೇಲೆ ಬಿದಿರಿನ ಸೀಳಿಗೆ ಎಲೆ ಹೊಂದಿಸಿ ಹೆಣೆದ ಗೊರಬು ಅಥವಾ ಕಂಬಳಿಕೊಪ್ಪೆ, ಮೊಣಕಾಲವರೆಗೆ ಕೆಸರು, ಬಗ್ಗಿದ ಸೊಂಟ ಸಂಜೆಯವರೆಗೆ ಬಗ್ಗಿದ ಹಾಗೆಯೇ. ಕಾಲಿಗೆ ಹತ್ತಿದ ಜಿಗಣೆಗೆ ಸುಣ್ಣ, ಹೊಗೆಸೊಪ್ಪು. ಸಂಜೆ ಮನೆಗೆ ಬಂದರೆ ಗಂಡಸರು ಬಚ್ಚಲ ಬಿಸಿನೀರಿಗೆ ಹೋದರು, ಇವಳು ಒಲೆಯ ಮುಂದೆ ಕೂತಳು. ಒದ್ದೆ ಬಟ್ಟೆ ಒಣಗಿಸಲೂ ಅದೇ ಒಲೆ.

ಆ ದಿನಗಳಲ್ಲಿ ಕಾಡೂ ಅವಳ ಉಗ್ರಾಣವಾಗಿತ್ತು. ಮಳೆಗಾಲದ ಕಳಲೆ, ಅಣಬೆ, ಕೆಸುವಿನ ಎಲೆ, ಹಳ್ಳದ ಏಡಿ, ಗದ್ದೆಯ ಮೀನು. ಯಾವ ಅಣಬೆ ತಿನ್ನಬಹುದು, ಯಾವುದು ವಿಷ, ಕಳಲೆಯನ್ನು ಎಷ್ಟು ದಿನ ನೀರಿನಲ್ಲಿ ನೆನೆಸಿ ನೀರು ಬದಲಿಸಬೇಕು, ಕೆಸುವಿನ ತುರಿಕೆ ಹೋಗಲು ಎಷ್ಟು ಹುಳಿ ಬೇಕು, ಇವೆಲ್ಲ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ. ಒಂದು ತಪ್ಪಾದರೆ ಇಡೀ ಮನೆಯೇ ಮಲಗಬೇಕಾಗುತ್ತಿತ್ತು. ಈ ವಿದ್ಯೆಗೆ ಪರೀಕ್ಷೆ ದಿನವೂ ಇತ್ತು, ಪ್ರಶಸ್ತಿಪತ್ರ ಒಂದು ದಿನವೂ ಇರಲಿಲ್ಲ.

ಅಡುಗೆಮನೆಗೆ ಬಂದ ಹೊರಗಿನ ಪ್ರಪಂಚ

ಅವಳು ಊರು ಬಿಟ್ಟು ಹೋದದ್ದು ತವರಿಗೆ, ಜಾತ್ರೆಗೆ ಮಾತ್ರ. ಆದರೆ ದೊಡ್ಡ ಪ್ರಪಂಚ ಅವಳ ಅಡುಗೆಮನೆಗೆ ತಾನಾಗಿ ಬರುತ್ತಿತ್ತು.

ಉಪ್ಪನ್ನೇ ತೆಗೆದುಕೊಳ್ಳಿ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬುದು ನಮ್ಮ ಗಾದೆ. ಮಲೆನಾಡಿನಲ್ಲಿ ಅಕ್ಕಿ ಬೆಳೆಯಬಹುದು, ಏಲಕ್ಕಿ ಬೆಳೆಯಬಹುದು, ಉಪ್ಪು ಮಾತ್ರ ಘಟ್ಟದ ಕೆಳಗಿನಿಂದ ಹೇರೆತ್ತುಗಳ ಬೆನ್ನ ಮೇಲೆ, ರಸ್ತೆಯಾದ ಮೇಲೆ ಗಾಡಿಗಳಲ್ಲಿ ಬರಬೇಕು. ಬ್ರಿಟಿಷ್ ಸರ್ಕಾರ 1882ರಲ್ಲಿ ಉಪ್ಪಿನ ಸುಂಕವನ್ನು ಮಣಕ್ಕೆ 2 ರೂಪಾಯಿ ಎಂದು ನಿಗದಿ ಮಾಡಿತು, 1888ರಲ್ಲಿ ಎರಡೂವರೆ ರೂಪಾಯಿಗೆ ಏರಿಸಿತು. ಆ ಮಣವೆಂದರೆ ಸುಮಾರು 37 ಕಿಲೋ. ಕಲ್ಕತ್ತೆಯ ಕಚೇರಿಯಲ್ಲಿ ಹಾಕಿದ ಒಂದು ಸಹಿ, ಸಾರಿಗೆ ಉಪ್ಪು ಹಾಕುವ ಕೈಯನ್ನು ಹೀಗೆ ಬಿಗಿ ಹಿಡಿಯಿತು. ಉಪ್ಪನ್ನು ಚಿಟಿಕೆಯಲ್ಲಿ ಅಳೆಯುವ ನಮ್ಮ ಅಜ್ಜಿಯರ ಅಭ್ಯಾಸದ ಹಿಂದೆ ಜಿಪುಣತನ ಕಾಣಬೇಡಿ, ಈ ಲೆಕ್ಕವನ್ನು ಕಾಣಿರಿ.

ದೀಪಕ್ಕೆ ಮೊದಲು ಹರಳೆಣ್ಣೆ, ಹೊಂಗೆಯೆಣ್ಣೆ. ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆ ತೆಗೆಯುವುದೂ ಅವಳದೇ ಕೆಲಸ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕಾದಿಂದ, ರಷ್ಯಾದಿಂದ ಹಡಗಿನಲ್ಲಿ ಹೊಸ ಎಣ್ಣೆ ಬಂತು. ಪರದೇಶದ್ದಾದ್ದರಿಂದ ನಮ್ಮ ಜನ ಅದಕ್ಕೆ ಸೀಮೆಎಣ್ಣೆ ಎಂದು ಹೆಸರಿಟ್ಟರು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಅನುಕೂಲಸ್ಥರ ಮನೆಗಳಲ್ಲಿ ಹುಲ್ಲಿನ ಜಾಗಕ್ಕೆ ನಿಧಾನವಾಗಿ ಹೆಂಚು ಬಂತು. ಕಾಫಿ ಮಾತ್ರ ಕಣ್ಣೆದುರಿಗೇ ಬೆಳೆದರೂ ಅವಳ ಲೋಟಕ್ಕೆ ಬರಲಿಲ್ಲ. ಹಣ್ಣು ಕಿತ್ತವಳು ಬೆಳಗ್ಗೆ ಕುಡಿದದ್ದು ಗಂಜಿ ಅಥವಾ ಅಂಬಲಿ. ಮನೆಮನೆಯಲ್ಲಿ ಕಾಫಿ ಕುದಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಬರಗಾಲವೂ ಬಂತು. 1876ರಿಂದ 78ರವರೆಗಿನ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನೇ ಅಲುಗಾಡಿಸಿತು. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಬಯಲುಸೀಮೆಗೆ ಬಿದ್ದಷ್ಟು ಪೆಟ್ಟು ಮಲೆನಾಡಿಗೆ ಬೀಳಲಿಲ್ಲ. ಆದರೂ ಕಾಳಿನ ಬೆಲೆ ಎಲ್ಲೆಡೆ ಏರಿತು. ಅಂಥ ಕಾಲದಲ್ಲಿ ಕಣಜದ ತಳ ನೋಡಿ, ಹೊಸ ಬೆಳೆಗೆ ಇನ್ನೆಷ್ಟು ದಿನ ಎಂದು ಎಣಿಸಿ, ಅಳತೆಯ ಪಾವನ್ನು ಪ್ರತಿದಿನ ಸ್ವಲ್ಪ ಸ್ವಲ್ಪವೇ ತಗ್ಗಿಸುವವಳು ಮನೆಯ ಹೆಂಗಸೇ. ಗೆಡ್ಡೆ, ಸೊಪ್ಪು, ಹಲಸು, ಬಿದಿರು ಹೂಬಿಟ್ಟ ವರ್ಷವಾದರೆ ಬಿದಿರಕ್ಕಿ, ಹೀಗೆ ಕಾಡಿನ ಆಸರೆಯಿಂದ ಮನೆಯನ್ನು ದಾಟಿಸಿದವಳೂ ಅವಳೇ.

ಎಲ್ಲರ ದಿನವೂ ಒಂದೇ ಅಲ್ಲ

ಇಲ್ಲಿಯವರೆಗೆ ನಾವು ಹೇಳಿದ್ದು ಕಣಜವಿದ್ದ ಮನೆಯ ಕತೆ. ಕಣಜವೇ ಇಲ್ಲದ ಮನೆಗಳು ಎಷ್ಟೋ ಇದ್ದವು. ಗೌಡರ ಮನೆಯ ಗೃಹಿಣಿ ಕೊನೆಯಲ್ಲಿ ಉಂಡರೆ, ಅವಳ ಗದ್ದೆಯಲ್ಲಿ ನಾಟಿ ಮಾಡಿದ ದಲಿತ ಹೆಣ್ಣುಮಗಳಿಗೆ ಅಂಗಳದಾಚೆ ನಿಂತು ಮಡಿಲೊಡ್ಡಬೇಕಿತ್ತು. ಊರ ಬಾವಿಗೆ ಅವಳು ಕೊಡ ಇಳಿಸುವಂತಿರಲಿಲ್ಲ. ಹತ್ತಿರದ ನೀರು ಬಿಟ್ಟು ದೂರದ ಹಳ್ಳಕ್ಕೆ ನಡೆಯಬೇಕಿತ್ತು. ಸಾಲಕ್ಕೆ ಜೀತವಿದ್ದ ಕುಟುಂಬದಲ್ಲಿ ಗಂಡನ ಜೊತೆ ಹೆಂಡತಿಯ ದುಡಿಮೆಯೂ ಒಡೆಯನ ಪಾಲು. ಜೀತಪದ್ಧತಿ ಕಾನೂನಿನಿಂದ ನಿಷೇಧವಾದದ್ದು 1976ರಲ್ಲಿ ಎಂಬುದನ್ನು ನೆನಪಿಡಬೇಕು.

ಕಾಫಿ ತೋಟಗಳು ಇನ್ನೊಂದು ಬಗೆಯ ಹೆಣ್ಣುಬಾಳನ್ನು ತಂದವು. ಬಯಲುಸೀಮೆಯಿಂದ, ಘಟ್ಟದ ಕೆಳಗಿನಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಸಂಸಾರಗಳು ತೋಟದ ಸಾಲುಮನೆಗಳಲ್ಲಿ ಇಳಿದವು. ಹೆಂಗಸು ಹಗಲೆಲ್ಲ ಹಣ್ಣು ಕಿತ್ತಳು, ಕೂಲಿ ಮಾತ್ರ ಗಂಡಸಿಗಿಂತ ಕಡಿಮೆ. ಕೂಸನ್ನು ಮರದ ಕೊಂಬೆಗೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಬಿಟ್ಟು ಕೆಲಸಕ್ಕೆ ಹೋಗಬೇಕು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಶಿಕ್ಷಿಸಲು 1859ರ ಒಂದು ಕಾಯ್ದೆ ಮಾಲೀಕರ ಬೆನ್ನಿಗಿತ್ತು, ಅದು ರದ್ದಾದದ್ದು 1925ರಲ್ಲಿ. ತೋಟಗಳಲ್ಲಿ ಕೂಸುಗಳಿಗೆ ಶಿಶುವಿಹಾರ ಬೇಕೆಂದು ಕಾನೂನು ಹೇಳಿದ್ದು 1951ರಲ್ಲಿ. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬಕ್ಕೆ ಸೇರುವ ಎಷ್ಟೋ ಕುಟುಂಬಗಳ ಹಿರಿಯರು ಇಂಥ ಸಾಲುಮನೆಗಳಿಂದಲೇ ಬಂದವರು. ಅವರ ಮುತ್ತಜ್ಜಿಗೆ ಮನೆಗೆಲಸ ಎರಡನೆಯ ಪಾಳಿ. ತೋಟದ ಗಂಟೆ ಹೊಡೆದ ಮೇಲೆ ಒಲೆಯ ಗಂಟೆ.

ತೊಟ್ಟಿಲು ಮತ್ತು ಚಳಿಜ್ವರ

ಹೆಣ್ಣುಮಕ್ಕಳ ಮದುವೆ ಚಿಕ್ಕಂದಿನಲ್ಲೇ ಆಗುತ್ತಿತ್ತು. ವಯಸ್ಸು ಎಲ್ಲ ಜಾತಿಗಳಲ್ಲಿ ಒಂದೇ ಆಗಿರಲಿಲ್ಲ. ಆದರೆ 1894ರಲ್ಲಿ ಮೈಸೂರು ಸರ್ಕಾರ ತಂದ ಕಾಯ್ದೆಯನ್ನು ನೋಡಿದರೆ ಪರಿಸ್ಥಿತಿ ಗೊತ್ತಾಗುತ್ತದೆ. 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡಬಾರದು, 50 ದಾಟಿದ ಗಂಡಸು 14 ತುಂಬದವಳನ್ನು ಕಟ್ಟಿಕೊಳ್ಳಬಾರದು ಎಂದು ಅದು ವಿಧಿಸಿತು. ಇಷ್ಟನ್ನು ತಡೆಯಲು ಕಾನೂನೇ ಬೇಕಾಯಿತು ಎಂದರೆ ಏನರ್ಥ? ಮರುವರ್ಷದಿಂದ 1902ರವರೆಗೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ಸಂಸ್ಥಾನವನ್ನು ಆಳಿದರು. ಅರಮನೆಯಲ್ಲಿ ಹೆಣ್ಣಿನ ಆಡಳಿತವಿದ್ದ ಆ ದಿನಗಳಲ್ಲೂ ಗುಡ್ಡದ ಹುಡುಗಿಗೆ ಶಾಲೆ ದೂರವೇ ಉಳಿಯಿತು. 1901ರಲ್ಲಿ ಇಡೀ ಭಾರತದಲ್ಲಿ ನೂರು ಹೆಂಗಸರಲ್ಲಿ ಓದು ಬಲ್ಲವಳು ಒಬ್ಬಳೂ ಇರಲಿಲ್ಲ.

ಹೆರಿಗೆ ಮನೆಯಲ್ಲೇ. ನಡುಮನೆಯ ಕತ್ತಲ ಮೂಲೆ, ಬಿಸಿನೀರು, ಹರಳೆಣ್ಣೆ, ಸೂಲಗಿತ್ತಿಯ ಕೈ. ಮಗು ಅಡ್ಡವಾದರೆ, ರಕ್ತ ನಿಲ್ಲದಿದ್ದರೆ ಆಸ್ಪತ್ರೆಯಿಲ್ಲ. ಜೋರು ಮಳೆಯಲ್ಲಿ ಹೊಳೆ ದಾಟಲು ದೋಣಿಯೂ ಇಲ್ಲ. ಪ್ರತಿ ಬಸಿರೂ ಸಾವಿನ ಹೊಸ್ತಿಲವರೆಗೆ ಹೋಗಿಬರುವ ಪಯಣವಾಗಿತ್ತು, ಎಲ್ಲರೂ ಮರಳಲಿಲ್ಲ. ಆದರೂ ಸೂಲಗಿತ್ತಿಯ ಕೈಯಲ್ಲಿ ದೊಡ್ಡ ಅನುಭವವಿತ್ತು. ಆ ಪರಂಪರೆಯಲ್ಲೇ ಬಂದವರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು. ಓದು ಬರಹ ಕಲಿಯದ ಅವರು ಸುಮಾರು 15 ಸಾವಿರ ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು, ಅದೇ ವರ್ಷ ತೀರಿಕೊಂಡರು. ಇಂಥವರು ಪ್ರತಿ ಸೀಮೆಯಲ್ಲೂ ಇದ್ದರು, ಹೆಸರು ಮಾತ್ರ ದಾಖಲಾಗಲಿಲ್ಲ.

ಇನ್ನು ರೋಗಗಳು. ಸಿಡುಬಿಗೆ ಚುಚ್ಚುಮದ್ದು ಬಂದಿತ್ತು. ಮೈಸೂರು ಸೀಮೆಯಲ್ಲಿ ಅದನ್ನು ಜನರಿಗೆ ಒಪ್ಪಿಸಿದವರಲ್ಲಿ ನಮ್ಮ ಧರ್ಮಸಭೆಯ ಗುರು ಅಬ್ಬೆ ದ್ಯುಬುವಾ ಕೂಡ ಒಬ್ಬರು, ಅದು ಆ ಶತಮಾನದ ಆರಂಭದ ಮಾತು. ಆದರೆ ಮಲೆನಾಡಿನ ಚಳಿಜ್ವರಕ್ಕೆ, ಅಂದರೆ ಮಲೇರಿಯಾಕ್ಕೆ, ಕಾರಣವೇ ಗೊತ್ತಿರಲಿಲ್ಲ. ಕಾಡಿನ ಗಾಳಿ, ಹಳ್ಳದ ನೀರು, ದೆವ್ವದ ದೃಷ್ಟಿ, ಹೀಗೆ ಒಬ್ಬೊಬ್ಬರದು ಒಂದೊಂದು ವಿವರಣೆ. ಸೊಳ್ಳೆಯೇ ಅದನ್ನು ಹರಡುತ್ತದೆ ಎಂಬುದಕ್ಕೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಆಧಾರ ಕಂಡದ್ದು 1897ರಲ್ಲಿ. ಅಲ್ಲಿಯವರೆಗೂ, ಆಮೇಲೂ ಬಹುಕಾಲ, ನಡುಗುವ ಮಗುವಿನ ಮೇಲೆ ಕಂಬಳಿ ಹೊದಿಸಿ ಕಷಾಯ ಕುದಿಸಿ ರಾತ್ರಿಯಿಡೀ ಕೂತವಳು ತಾಯಿ. ಅವಳಿಗೇ ಜ್ವರ ಬಂದರೆ? ಒಲೆ ಮಾತ್ರ ಉರಿಯಲೇಬೇಕಿತ್ತು.

ಉಳಿದದ್ದೇನು?

ಹಾಸನದ ಶೆಟ್ಟಿಹಳ್ಳಿಯ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಆ ದೇವಾಲಯ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಮುಳುಗುವ, ಬೇಸಿಗೆಯಲ್ಲಿ ನೀರಿನಿಂದ ಎದ್ದುಬರುವ ಆ ಪಾಳುಗೋಡೆಗಳ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಆ ದೇವಾಲಯದ ಸುತ್ತ ಒಂದು ಊರಿತ್ತು. ಆ ಊರಿನಲ್ಲಿ ಮನೆಗಳಿದ್ದವು, ಪ್ರತಿ ಮನೆಯಲ್ಲೂ ಒಂದು ಒಲೆಯಿತ್ತು. ಪೂಜೆಗೆ ಬರುವ ಮೊದಲು ಕೆಂಡ ಮುಚ್ಚಿಟ್ಟು ಬಂದ ತಾಯಂದಿರಿದ್ದರು. ಕಲ್ಲು ಗಾರೆಯ ಗೋಡೆ ನೀರಿನಲ್ಲೂ ನಿಂತಿತು, ಮಣ್ಣಿನ ಒಲೆ ಕರಗಿಹೋಯಿತು. ಇತಿಹಾಸವೂ ಹೀಗೆಯೇ. ಗಟ್ಟಿ ವಸ್ತುವಿನಲ್ಲಿ ಕಟ್ಟಿದ್ದು ನೆನಪಿನಲ್ಲಿ ಉಳಿಯುತ್ತದೆ, ದಿನದಿನವೂ ಮಾಡಿ ದಿನದಿನವೂ ಮುಗಿದುಹೋಗುವ ಕೆಲಸ ಉಳಿಯುವುದಿಲ್ಲ.

ಅವಳು ಬಿಟ್ಟುಹೋದ ಒಂದೇ ಬರಹವೆಂದರೆ ಹಾಡು. ಬೀಸುವಾಗ, ಕುಟ್ಟುವಾಗ, ನಾಟಿ ಮಾಡುವಾಗ, ತೊಟ್ಟಿಲು ತೂಗುವಾಗ ಕಟ್ಟಿದ ಪದಗಳಲ್ಲಿ ತವರಿನ ಹಂಬಲವೂ ಇತ್ತು, ಅತ್ತೆಯ ಮೇಲಿನ ದೂರೂ ಇತ್ತು, ನಗೆಯೂ ಇತ್ತು. ಅವುಗಳಿಗೆ ಬೆಲೆಯಿದೆ ಎಂದು ಓದಿದವರು ಅರಿತದ್ದು ಇಪ್ಪತ್ತನೆಯ ಶತಮಾನದಲ್ಲಿ. ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರು, ಸಕಲೇಶಪುರದಲ್ಲಿ ಹುಟ್ಟಿದ ಎಸ್.ಕೆ. ಕರೀಂಖಾನರು ಜನಪದ ಹಾಡುಗಳನ್ನು ಹುಡುಕಿ ಕೂಡಿಸಿದರು. ಅಷ್ಟರಲ್ಲಿ ಹಾಡಿದ ಎಷ್ಟೋ ಕಂಠಗಳು ನಿಂತುಹೋಗಿದ್ದವು.

ಈಗ ಆ ಪದಕ್ಕೆ ಮರಳೋಣ. ಬೆಂಕಿ ಅವಳಿಂದ, ನೀರು ಅವಳಿಂದ, ಅನ್ನ ಅವಳಿಂದ, ಮುಂದಿನ ವರ್ಷದ ಬಿತ್ತನೆ ಬೀಜ ಅವಳ ಅಟ್ಟದಿಂದ, ಮುಂದಿನ ತಲೆಮಾರು ಅವಳ ಒಡಲಿನಿಂದ. ಒಂದು ವಾರ ಅವಳು ಮಲಗಿದ್ದರೆ ಮನೆ ಏನಾಗುತ್ತಿತ್ತು? ಯಾರು ಯಾರ ಅವಲಂಬಿತರು ಎಂದು ನೀವೇ ಹೇಳಿ.

ಇದು ಮುಗಿದ ಕತೆಯೆಂದು ತಿಳಿಯಬೇಡಿ. ಗಿರಣಿ ಬಂತು, ನಲ್ಲಿ ಬಂತು, ಗ್ಯಾಸ್ ಬಂತು, ಮಿಕ್ಸಿ ಬಂತು. ಒನಕೆ ಅಟ್ಟ ಸೇರಿತು. ಆದರೂ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈಹಚ್ಚುವ ಗಂಡಸರು ಕೊಡುವುದು 88 ನಿಮಿಷ. ಕೈಹಚ್ಚದವರ ಲೆಕ್ಕ ಇದರಲ್ಲಿ ಇಲ್ಲವೇ ಇಲ್ಲ! ಇಂದಿಗೂ ಅರ್ಜಿಯೊಂದರಲ್ಲಿ 'ತಾಯಿಯ ಉದ್ಯೋಗ' ಎಂಬ ಸಾಲಿನ ಮುಂದೆ ನಮ್ಮ ಮಕ್ಕಳು 'ಏನೂ ಇಲ್ಲ' ಎಂದು ಬರೆಯುತ್ತಾರೆ. 1901ರ ಪದ ಬೇರೆ ವೇಷದಲ್ಲಿ ಇನ್ನೂ ನಮ್ಮ ಮನೆಯಲ್ಲೇ ಇದೆ.

ಪ್ರಿಯರೇ, ಈ ಹಬ್ಬದ ದಿನಗಳಲ್ಲಿ ಮೂರು ಚಿಕ್ಕ ಕೆಲಸಗಳನ್ನು ಪ್ರತಿ ಕುಟುಂಬದಲ್ಲೂ ಮಾಡೋಣ. ಮೊದಲನೆಯದು, ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯಿದ್ದರೆ ಮಕ್ಕಳು ಅವರ ಪಕ್ಕ ಕೂತು ಕೇಳಲಿ: ಅಜ್ಜಿ, ನಿಮ್ಮ ಅಜ್ಜಿ ಬೆಂಕಿ ಹೇಗೆ ಕಾಯುತ್ತಿದ್ದರು, ಯಾವ ಹಳ್ಳದಿಂದ ನೀರು ತರುತ್ತಿದ್ದರು, ಅವರ ಹೆಸರೇನು? ಕೇಳಿದ್ದನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಲಿ. ಎರಡನೆಯದು, ಅಟ್ಟದಲ್ಲಿ ಬಿದ್ದ ಒನಕೆ, ಮೊರ, ಬೀಸುವ ಕಲ್ಲನ್ನು ಗುಜರಿಗೆ ಹಾಕಬೇಡಿ, ನಿಮ್ಮ ಮನೆತನದ ಅರ್ಧ ಚರಿತ್ರೆ ಅದರಲ್ಲಿದೆ. ಮೂರನೆಯದು ಗಂಡಸರಿಗೆ ಮತ್ತು ಗಂಡುಮಕ್ಕಳಿಗೆ. ಹಬ್ಬದ ದಿನ ಬಡಿಸುವ ಸೌಟು ನೀವು ಹಿಡಿಯಿರಿ, ಅಮ್ಮನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ. ಮರುದಿನವೂ ಹಾಗೆಯೇ ಮಾಡಿದರೆ ಇನ್ನೂ ಒಳ್ಳೆಯದು.